ದೇವರ ಬಲಗಡೆಯ ಬಗ್ಗೆ ಒಂದು ತಕರಾರು

"ದೇವರು ಬೇಡ ಅಂದಿದ್ದ, ಇವನು ಕೇಳದೆ ಹೋದ, ಅದಕ್ಕೇ ಸೋತ" ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಹೊಳೆನರಸೀಪುರದ ನಮ್ಮ ಬೀದಿಯ ಎಸ್‌ಟಿಡಿ ಬೂತಿನವರಂತೂ ಇದಕ್ಕೆ ಇನ್ನೆರಡು ಚಮಚ ತುಪ್ಪ ಹಾಕಿ ಹೇಳುತ್ತಾರೆ. ನಾನು ಸೋತದ್ದು ನಿಜ. ಆದರೆ ದೇವರು ಬೇಡ ಅಂದನೆಂಬುದಕ್ಕೆ ಆಧಾರವೇನು? ಒಂದು ಕಣಗಿಲೆ ಹೂವು!

ಹೋದ ವರ್ಷ ಹಾಸನದಲ್ಲಿ ಕಾಲೇಜುಗಳ ಚರ್ಚಾ ಸ್ಪರ್ಧೆಯಿತ್ತು. ವಿಷಯ, 'ದೇವರಿದ್ದಾನೆ'. ಒಂದು ಕಾಲೇಜಿಗೆ ಇಬ್ಬರು, ಒಬ್ಬ ಪರ, ಒಬ್ಬ ವಿರೋಧ. ಒಬ್ಬ ಕೈಕೊಟ್ಟರೆ ಇನ್ನೊಬ್ಬನೂ ಔಟ್. ನಮ್ಮಲ್ಲಿ ದೇವರ ಪರ ಹರದನಹಳ್ಳಿಯ ನಿಂಗರಾಜ. ದೇವಸ್ಥಾನಕ್ಕೆ ಅವನು ಹೋಗುವುದು ಪುಳಿಯೋಗರೆ ಇರುವ ದಿನ ಮಾತ್ರ. ವಿರೋಧಕ್ಕೆ ನಾನು. ಮಜ್ಜಿಗೆಹುಳಿಗೂ ಪುರಾವೆ ಕೇಳುವವನು ಎಂದು ಮನೆಯಲ್ಲಿ ನನಗೆ ಹೆಸರಿದೆ. ಹಾಸನದ ವೇದಿಕೆ ಹತ್ತುವುದು ಅದೇ ಮೊದಲಾದ್ದರಿಂದ ಬಚ್ಚಲುಮನೆಯಲ್ಲಿ ಭಾಷಣ ಒಪ್ಪಿಸಿ ಒಪ್ಪಿಸಿ ನೀರಿನ ಹಂಡೆಯೂ ನಾಸ್ತಿಕವಾಗಿತ್ತು.

ಹೊರಡುವ ಬೆಳಿಗ್ಗೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಕೇಳದೆ ಕಳಿಸಲ್ಲ."

"ಯಾರನ್ನ ಕೇಳೋದು?"

"ಯಾರನ್ನ ಇಲ್ಲ ಅನ್ನಕ್ಕೆ ಹೋಗ್ತಿದೀಯೋ ಅವನನ್ನೇ."

ನೀರಲ್ಲಿ ಅದ್ದಿದ ಕಣಗಿಲೆಯನ್ನು ನರಸಿಂಹಸ್ವಾಮಿಯ ಪಟದ ನೆತ್ತಿಯ ಮೇಲಿಟ್ಟಳು. ದೇವರ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹುಂ. ಹೂವು ಅಲ್ಲಾಡಲಿಲ್ಲ. ಹೊರಗಿನಿಂದ ನಿಂಗರಾಜ, "ಲೇ, ಬಸ್ಸು ಒಂಟೋಯ್ತದೆ ಕಣ್ಲಾ! ಅರ್ಜೆಂಟು ಅಂತ ನಿಮ್ ದೇವ್ರಿಗೆ ಏಳ್ಲಾ!" ಎಂದು ಕೂಗಿದ. ನಾನು ಕಣ್ಣು ಮಿಟುಕಿಸದೆ ಹೂವನ್ನೇ ನೋಡುತ್ತಾ ಒಳಗೊಳಗೇ "ಬೀಳಪ್ಪಾ, ಬೀಳು" ಎನ್ನುತ್ತಿದ್ದೆ. ಯಾರಿಗೆ ಹೇಳುತ್ತಿದ್ದೆ ಎಂಬುದು ಈ ಚರ್ಚೆಯ ವ್ಯಾಪ್ತಿಗೆ ಬರುವುದಿಲ್ಲ.

ಬಿತ್ತು. ದೇವರ ಎಡಕ್ಕೆ.

"ಅದು ನಮ್ಮ ಬಲ ಅಜ್ಜಿ!" ಎಂದೆ. "ಪ್ರಶ್ನೆ ಕೇಳಿದವರು ನಾವು. ಉತ್ತರವನ್ನ ನಮ್ಮ ಕಡೆಯಿಂದಲೇ ನೋಡಬೇಕು."

"ಇಲ್ಲದ ದೇವರಿಗೆ ಎಡ ಬಲ ಎಲ್ಲಿಂದ ಬಂತೋ?"

"ವಾದಕ್ಕೋಸ್ಕರ ಇದ್ದಾನೆ ಅಂತ ಇಟ್ಕೊಳ್ಳೋಣ."

"ಒಂದು ಸಲ ಇಟ್ಕೊಂಡ ಮೇಲೆ ತೆಗೆಯೋ ಹಾಗಿಲ್ಲ" ಎಂದಳು.

ಕೊನೆಯ ಅಸ್ತ್ರ ಬಿಟ್ಟೆ. ನಾನು ಹೋಗದಿದ್ದರೆ ನಿಂಗರಾಜನೂ ಮಾತಾಡುವಂತಿಲ್ಲ. ಹಾಸನದಲ್ಲಿ ದೇವರಿಗೆ ಒಬ್ಬ ವಕೀಲ ಕಡಿಮೆಯಾಗುತ್ತಾನೆ. ತನ್ನ ವಕೀಲನನ್ನು ತಾನೇ ತಡೆಯುವಷ್ಟು ದಡ್ಡನೇ ನರಸಿಂಹಸ್ವಾಮಿ? ಅಜ್ಜಿ ಪಟ ನೋಡಿದಳು, ನಿಂಗರಾಜನನ್ನು ನೋಡಿದಳು. "ಆ ಹುಡುಗನಿಗೋಸ್ಕರ ಬಿಡ್ತಿದೀನಿ" ಎಂದು ಹೂವನ್ನು ಅವನ ಜೇಬಿಗೆ ಹಾಕಿದಳು.

ಹಾಸನದಲ್ಲಿ ನಾನು ಚೆನ್ನಾಗಿಯೇ ಮಾತಾಡಿದೆ. ಆಮೇಲೆ ನಿಂಗರಾಜ ಎದ್ದ. ಕಲಿತದ್ದೆಲ್ಲ ಬಸ್ಸಿನಲ್ಲೇ ಮರೆತಿದ್ದ. ಜೇಬಿನಿಂದ ಹೂವು ತೆಗೆದು, "ಸಾ, ದೇವ್ರಿಗೆ ಸಾಕ್ಷಿ ಇಲ್ಲ ಅಂದ್ನಲ್ಲ ನನ್ ಗೆಳೆಯ, ಬೆಳಿಗ್ಗೆ ಬಸ್ಸು ಒರಡೋವರ್ಗೂ ದೇವ್ರ ಬಲಗೈ ಯಾವ್ದು ಅಂತ ಅವ್ರಜ್ಜಿ ಜೊತೆ ಜಗಳ ಆಡ್ತಿದ್ದ. ಇವ್ನೇ ನನ್ ಸಾಕ್ಷಿ ಸಾ!" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲ ಬಹುಮಾನ ಅವನಿಗೆ. ನನಗೆ ಕಾಫಿ ಮತ್ತು ಎರಡು ಬಿಸ್ಕತ್ತು.

ದೇವರು ಹೂಂ ಅಂದಿದ್ದ ಎಂದು ಸಾಧಿಸಲು ಒಂದು ವರ್ಷದಿಂದ ಒದ್ದಾಡುತ್ತಿರುವ ನಾಸ್ತಿಕ ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ನಿನ್ನೆಯೂ ಬತ್ತಿ ಹೊಸೆಯುತ್ತಾ ಕೂತಿದ್ದ ಅಜ್ಜಿಯ ಎದುರು ಕೂತು ಕೇಳಿದೆ: "ನಾನು ಹೋಗದಿದ್ರೆ ದೇವರು ಗೆಲ್ತಾನೇ ಇರಲಿಲ್ಲ. ಹಾಗಾದ್ರೆ ಅಜ್ಜೀ, ಅವತ್ತು ಹೂವು ಬಿದ್ದಿದ್ದು ಯಾರ ಬಲಕ್ಕೆ?"