ತೀರಿಕೊಂಡವರ ಪೆನ್ನಿಗೊಂದು ಕನ್ವರ್ಟರ್

ಪೆನ್ನಿನ ಅಂಗಡಿ ಇಟ್ಟವನಿಗೆ ಇಂಥವು ತಪ್ಪುವುದಿಲ್ಲ. ಗೋವಾದ ವಾಸ್ಕೋದಲ್ಲಿ ಧಾರವಾಡದ ನಮ್ಮಪ್ಪ ತೆರೆದ ಅಂಗಡಿಯಲ್ಲಿ ಕೂತು ನಾನು ಬಗೆಬಗೆಯ ಗಿರಾಕಿಗಳ ಕಾಟ ತಿಂದಿದ್ದೇನೆ. ಆದರೆ ಬದುಕಿದ್ದವರೆಲ್ಲ ಸೇರಿ ಕೊಡದ ಕಾಟವನ್ನು ತೀರಿಕೊಂಡವರೊಬ್ಬರು ಒಂದೇ ವಾರದಲ್ಲಿ ಕೊಟ್ಟರು.

೧. ಮೊನ್ನೆ ಹೇಳಿದರು

ತೊಂಬತ್ತರ ಆಚೀಚೆ, ಮೇ ತಿಂಗಳ ಕೊನೆ. ಕಪ್ಪು ಉಡುಪಿನ ಹೆಂಗಸೊಬ್ಬರು, ಗೋವಾದಲ್ಲಿ ನಾವು 'ಬಾಯಿ' ಎಂದು ಕರೆಯುವಂಥವರು, ಕರವಸ್ತ್ರದಲ್ಲಿ ಸುತ್ತಿದ ಪೆನ್ನು ತಂದಿಟ್ಟರು. ಹಡಗಿನ ಕೆಲಸದಲ್ಲಿದ್ದ ಗಂಡ ಪರದೇಶದಿಂದ ತಂದದ್ದಂತೆ. ಅವರು ತೀರಿ ಎರಡು ವರ್ಷ. ಭಾನುವಾರ ಮಗಳ ಮದುವೆ; ಇಗರ್ಜಿಯ, ಅಂದರೆ ಚರ್ಚಿನ, ಮದುವೆ ಪುಸ್ತಕದಲ್ಲಿ ಅವಳು ಅಪ್ಪನ ಪೆನ್ನಿನಿಂದಲೇ ಸಹಿ ಹಾಕಬೇಕು.

ಬಿಚ್ಚಿ ನೋಡಿದೆ. ಬಾಟಲಿಯಿಂದ ಇಂಕು ಎಳೆದುಕೊಳ್ಳುವ ಒಳಗಿನ ನಳಿಕೆ, ಕನ್ವರ್ಟರ್, ಇರಲೇ ಇಲ್ಲ. ಅದ್ದಿ ಬರೆಯಲಿ ಎಂದೆ. "ಅವಳು ಬಿಳಿ ಗೌನಿನ ಮೇಲೆ ಇಂಕು ಚೆಲ್ಲಿಕೊಳ್ಳಬೇಕೇ?" ಎಂದು ಕೊಂಕಣಿಯಲ್ಲೇ ಗದರಿದರು.

"ಈ ಪೆನ್ನಿನದು ಇಲ್ಲೆಲ್ಲೂ ಸಿಗುವುದಿಲ್ಲ ಬಾಯಿ."

"ನಿಮ್ಮಲ್ಲೇ ಇದೆಯಂತೆ."

"ಯಾರು ಹೇಳಿದರು?"

"ನನ್ನ ಗಂಡ. ಮೊನ್ನೆ, ಕನಸಿನಲ್ಲಿ."

ರೂಢಿಯಂತೆ "ನಾಳೆ ಬನ್ನಿ" ಎಂದುಬಿಟ್ಟೆ. ಆಮೇಲೆ, ಒಬ್ಬರೇ ಬನ್ನಿ ಎನ್ನಬೇಕಿತ್ತು ಅನಿಸಿತು.

೨. ಗ್ಲಾಸಿನ ನೀರು

ಒಣಗಿದ ನಿಬ್ಬನ್ನು ಗ್ಲಾಸಿನ ನೀರಿನಲ್ಲಿ ನೆನೆಯಿಟ್ಟೆ. ಕರೆಂಟು ಹೋಗಿತ್ತು, ಗಾಳಿಯೂ ಇರಲಿಲ್ಲ. ಚಹಾಕ್ಕೆ ಬಂದಿದ್ದ ಪಕ್ಕದಂಗಡಿಯ ಟೇಲರ್, ವಿಜಾಪುರದವರು, ಗ್ಲಾಸನ್ನೇ ನೋಡುತ್ತ ಕೂತರು. ಎರಡು ವರ್ಷ ಯಾರೂ ಮುಟ್ಟದ ಪೆನ್ನಿನಿಂದ ನೀಲಿ ಎಳೆಗಳು ಇಳಿದು, ಬರೆದ ಹಾಗೆ ಸುತ್ತಿಕೊಳ್ಳುತ್ತಿದ್ದವು.

"ಯಾರ ಪೆನ್ನರೀ ಇದು?"

"ತೀರಿಕೊಂಡವ್ರದು."

"ಹಂಗಾರ ಏನ್ ಬರ್ಯಾಕತ್ತಾರ?"

ಒಣಗಿದ ಇಂಕು ಬಿಡುತ್ತಿದೆ ಅಷ್ಟೇ ಎಂದೆ. ಹಾಗೆಂದರೂ ಇಬ್ಬರೂ ಬಗ್ಗಿ ಓದಲು ನೋಡಿದೆವು. ಟೇಲರ್ ತಟ್ಟನೆ ಎದ್ದರು. "ನನ್ನ ಹೆಸರ ಇದ್ರ ಹೇಳಬ್ಯಾಡ್ರಿ!" ಎಂದು ಚಹಾ ಬಿಟ್ಟೇ ಹೋದರು.

೩. ಬೆಳಗಾವಿಗೆ

ಬಾಯಿ ದಿನಾ ಬಂದು "ನಿಮ್ಮಲ್ಲೇ ಇದೆಯಂತೆ" ಎನ್ನುವುದು ಬಿಡಲಿಲ್ಲ. ನನಗೆ ಊಟ ಸೇರದಾಯಿತು. ಗುರುವಾರ ಅಂಗಡಿಯ ಬಿದಿರು ಹಿಡಿಕೆಯ ಛತ್ರಿ ಹಿಡಿದು ಬೆಳಗಾವಿ ಬಸ್ಸು ಹತ್ತಿದೆ. ಘಟ್ಟದ ಬುಡದ ಮೊಲೆಂ ದಾಟುತ್ತಲೇ ಹಾಡಹಗಲೇ ಕತ್ತಲೆಗಟ್ಟಿ ಮಳೆ ಹೊಡೆಯಿತು. ಪಕ್ಕದ ಸೀಟು ಖಾಲಿಯಿತ್ತು. ನಾನೇಕೋ ಸರಿದು ಜಾಗ ಬಿಟ್ಟು ಕೂತೆ.

ಬೆಳಗಾವಿಯ ಹಳೇ ಪೆನ್ನಿನ ವ್ಯಾಪಾರಿ ಇದ್ದಬದ್ದ ಕನ್ವರ್ಟರುಗಳನ್ನೆಲ್ಲ ಹಾಕಿ ನೋಡಿದರು. ಒಂದು ಸಡಿಲ, ಒಂದು ಬಿಗಿ.

"ಇದಕ್ಕ ಇದರದ ಬೇಕ್ರಿ. ಪೆನ್ನಿನ ಮಾಲಕರನ್ನ ಕೇಳ್ರಿ, ಎಲ್ಲಿಟ್ಟಾರ ಅಂತ."

"ಅವರು ದಿನಾ ಹೇಳಾಕತ್ತಾರ್ರಿ," ಎಂದೆ. "ನಾನ ನಂಬವಲ್ಲೆ."

೪. ಬಿಸ್ಕಿಟ್ ಡಬ್ಬಿ

ಶನಿವಾರ ಬಾಯಿ ಒಂದು ಚೀಟಿ ತಂದರು. ಗಂಡನ ಕೋಟಿನ ಜೇಬಿನಲ್ಲಿ ಸಿಕ್ಕಿತ್ತಂತೆ. ನೋಡಿದರೆ ನಮ್ಮಂಗಡಿಯ ರಿಪೇರಿ ನಂಬರು, ನಮ್ಮಪ್ಪನ ಅಕ್ಷರ!

ಅಪ್ಪ ರಿಪೇರಿಗೆ ಬಂದದ್ದನ್ನು ಪೊಟ್ಟಣ ಕಟ್ಟಿ, ನಂಬರು ಹಾಕಿ, ಬಿಸ್ಕಿಟ್ ಡಬ್ಬಿಯಲ್ಲಿ ಇಡುತ್ತಿದ್ದ. ಅಂಗಡಿ ನನಗೆ ಬಿಟ್ಟು ಊರಿಗೆ ಮರಳುವಾಗಲೂ "ಚೀಟಿ ತಂದ್ರಷ್ಟ ಡಬ್ಬಿ ತಗಿ" ಎಂದೇ ತಾಕೀತು ಮಾಡಿದ್ದ. ಅಪ್ಪನ ಮಾತು ಮೀರದ ಮಗ ನಾನು, ಬೆಳಗಾವಿ ತನಕ ಹೋದೆನೇ ಹೊರತು ಕೌಂಟರಿನ ಕೆಳಗೆ ಬಗ್ಗಲಿಲ್ಲ.

ಈಗ ಡಬ್ಬಿ ತೆಗೆದರೆ, ಆ ನಂಬರಿನ ಪೊಟ್ಟಣದಲ್ಲಿ ಕನ್ವರ್ಟರ್ ಇತ್ತು. ಮೇಲೆ ಕನ್ನಡದಲ್ಲಿ: "ಸೋರುತ್ತಿತ್ತು, ಸರಿಮಾಡಿದೆ. ಬಿದಿರು ಹಿಡಿಕೆ ಛತ್ರಿ ಮರೆತು ಹೋಗಿದ್ದಾರೆ. ಎರಡೂ ಕೊಡುವುದು."

ಕೌಂಟರಿಗೆ ಒರಗಿಸಿದ್ದ ಛತ್ರಿಯನ್ನು ಓರೆಗಣ್ಣಿನಿಂದ ನೋಡಿದೆ. ಕನ್ವರ್ಟರ್ ಕೂರಿಸಿ ಇಂಕು ಎಳೆದೆ. ಬಾಯಿ ಮಗಳ ಹೆಸರು ಬರೆದು ನೋಡಿದರು. ಅವರ ಕಣ್ಣು ತುಂಬಿತು, ನನ್ನದೂ.

ಆದರೆ ಎರಡು ವರ್ಷ ಹಿಡಿದ ಛತ್ರಿ ಕೊಡಲು ಮನಸ್ಸು ಬರಲಿಲ್ಲ. ಬಾಯಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪೊಟ್ಟಣದ ಕಾಗದ ಜೇಬಿಗಿಳಿಸಿ, ಛತ್ರಿಯನ್ನು ಕಾಲಿನಿಂದ ಮೆಲ್ಲಗೆ ಹಿಂದೆ ಸರಿಸಿದೆ.

ಮೆಟ್ಟಿಲಿಳಿಯುವಾಗ ಮಳೆ ಶುರುವಾಯಿತು. ಬಾಯಿ ನಿಂತು ಹೊರಳಿ ನೋಡಿದರು.

"ನಿನ್ನೆ ಇನ್ನೊಂದು ಮಾತು ಹೇಳಿದರು. ಬರುವಾಗ ಮಳೆ ಹಿಡಿಯುತ್ತದೆ, ನನ್ನ ಛತ್ರಿಯೂ ಅಲ್ಲೇ ಇದೆ, ಎಂದು."

ಎರಡೂ ಕೈಯಿಂದ ಎತ್ತಿ ಕೊಟ್ಟೆ.

ತೊಯ್ದು ತಪ್ಪಡಿಯಾಗಿ ಮನೆ ಮುಟ್ಟಿದೆ. ಹೆಂಡತಿ ಬಾಗಿಲಲ್ಲೇ ಕೇಳಿದಳು, "ಛತ್ರಿ ಎಲ್ಲೈತ್ರಿ?"

"ಯಾರದಿತ್ತೋ ಅವರ ಕೇಳಿ ಇಸ್ಕೊಂಡ್ರು."

"ಯಾರವರು?"

"ತೀರಿಕೊಂಡು ಎರಡು ವರ್ಷ ಆತು."

ಹೆಂಡತಿ ಹೊಸ್ತಿಲಿಗೆ ಕೈ ಅಡ್ಡ ಹಿಡಿದಳು. "ಅಲ್ಲೇ ನಿಂದರ್ರಿ! ಅವರದು ಮತ್ತೇನರ ನಮ್ಮ ಮನ್ಯಾಗ ಐತೇನು, ಮೊದಲ ಅದನ್ನ ಹೇಳ್ರಿ!"