ಉದ್ದದ್ದು ನನಗೆ, ಗಿಡ್ಡದ್ದು ಇವಳಿಗೆ

ದ್ವಾರಕಾನಾಥ: ಉದ್ದದ್ದು ನನಗೆ, ಗಿಡ್ಡದ್ದು ಇವಳಿಗೆ. ಆಂಟೆನಾ ಆರಿಸೋಕೆ ಇಷ್ಟು ಯೋಚ್ನೆ ಯಾಕೆ ಉಗ್ರಪ್ಪ? ಕಟ್ಟಿಕೊಡು.

ಶಾರದಾಂಬಾ: ರೀ, ಸ್ವಲ್ಪ ತಡೀರಿ. ಶುಕ್ರವಾರ ಅಜ್ಜಂಪುರದಲ್ಲಿ...

ದ್ವಾರಕಾನಾಥ: ನೋಡು, ಅಂಗಡಿಯಲ್ಲಿ ನಿಂತ್ಕೊಂಡು ಅಜ್ಜಂಪುರ ತೆಗೀಬೇಡ.

ಕಡೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಉಗ್ರಪ್ಪನ ಎಲೆಕ್ಟ್ರಾನಿಕ್ಸ್ ಅಂಗಡಿ. ಆತ ಹೆಸರಿಗಷ್ಟೇ ಉಗ್ರ, ಗಿರಾಕಿ ಗದರಿಸಿದರೆ ತಾನೇ ಕ್ಷಮೆ ಕೇಳುವ ಪೈಕಿ. ಅವನ ಗಾಜಿನ ಕೌಂಟರಿನ ಮೇಲೆ ಎರಡು ವಾಕಿಟಾಕಿ ಸೆಟ್ಟುಗಳು ಆಂಟೆನಾ ಮುರಿದುಕೊಂಡು ಬೋಳಾಗಿ ಮಲಗಿದ್ದವು. ನಿವೃತ್ತ ಶಿರಸ್ತೇದಾರ್ ದ್ವಾರಕಾನಾಥರೂ ಅವರ ಹೆಂಡತಿ ಶಾರದಾಂಬಾ ಅವರೂ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರ ಹ್ಯಾಮ್ ರೇಡಿಯೊ ಪರೀಕ್ಷೆ ಬರೆದು, ಸರ್ಕಾರದ ಲೈಸೆನ್ಸು ಪಡೆದು ಖರೀದಿಸಿದ ಸೆಟ್ಟುಗಳು ಅವು. ಪರೀಕ್ಷೆಯಲ್ಲಿ ಆಕೆ ಮೊದಲ ಸಲಕ್ಕೇ ಪಾಸು, ಗಂಡ ಎರಡನೇ ಸಲಕ್ಕೆ. ಈ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಬದನೆಕಾಯಿಯನ್ನು ತೊಟ್ಟು ಹಿಡಿದು ಎತ್ತುವಂತೆ ದ್ವಾರಕಾನಾಥರು ಸೆಟ್ಟನ್ನು ಆಂಟೆನಾ ಹಿಡಿದೇ ಎತ್ತುತ್ತಿದ್ದರು. ಹಾಗೆ ತಮ್ಮದನ್ನು ಮುರಿದರು. ಅದು ಹೇಗೆ ಮುರಿಯಿತೆಂದು ತೋರಿಸಲು ಹೋಗಿ ಹೆಂಡತಿಯದನ್ನೂ ಮುರಿದರು.

ಉಗ್ರಪ್ಪ: ಸಾರ್, ನಿಮ್ದು ಎರಡು ಬ್ಯಾಂಡಿನ ಸೆಟ್ಟು, ಅಂದ್ರೆ ಎರಡು ಥರದ ತರಂಗದಲ್ಲಿ ಮಾತಾಡೋದು. ಎರಡು ಬ್ಯಾಂಡಿಗೂ ಆಗೋ ಆಂಟೆನಾನೇ ಹಾಕ್ಬೇಕು.

ದ್ವಾರಕಾನಾಥ: ಅಷ್ಟೇ ತಾನೆ? ಒಂದು ಬ್ಯಾಂಡ್ ನನಗಿರಲಿ, ಇನ್ನೊಂದು ಇವಳಿಗೆ.

ಶಾರದಾಂಬಾ: ಹಂಗೆ ಹಂಚ್ಕೊಂಡ್ರೆ ನಾನು ಹೇಳಿದ್ದು ನಿಮಗೆ ಕೇಳಿಸೋದೇ ಇಲ್ಲ ಕಣ್ರೀ.

ದ್ವಾರಕಾನಾಥ: ಅದಕ್ಕೇನೀಗ?

ಉಗ್ರಪ್ಪ ಮೂರು ಆಂಟೆನಾ ತಂದು ಸಾಲಾಗಿ ಇಟ್ಟ. ಒಂದು ಮೊಳದುದ್ದ, ಒಂದು ಗೇಣುದ್ದ, ಇನ್ನೊಂದು ಹೆಬ್ಬೆರಳಿನಷ್ಟು.

ದ್ವಾರಕಾನಾಥ: ನನ್ನ ಮಾತು ತೋಟದಿಂದ ಮನೆವರೆಗೂ ಖಣಿ ಖಣಿ ಅಂತ ಹೋಗ್ಬೇಕು. ಅದಕ್ಕೇ ಉದ್ದದ್ದು.

ಉಗ್ರಪ್ಪ: ಹೋಗುತ್ತೆ ಸಾರ್. ಅಮ್ಮಾವ್ರ ಮಾತೂ ಅಷ್ಟೇ ಚೆನ್ನಾಗಿ ನಿಮಗೆ ಕೇಳಿಸುತ್ತೆ. ಆಂಟೆನಾ ಅಂದ್ಮೇಲೆ ಬಾಯೂ ಅದೇ, ಕಿವೀನೂ ಅದೇ.

ದ್ವಾರಕಾನಾಥ: ಬರೀ ಬಾಯಿರೋದು ಇಲ್ವಾ?

ಶಾರದಾಂಬಾ: ಅಂಥದ್ದು ನಮ್ಮನೇಲಿ ಒಂದಿದೆ. ಮೂವತ್ತಾರು ವರ್ಷ ಆಯ್ತು ತಂದು.

ಉಗ್ರಪ್ಪ ನಗು ಬಂದು ಕೆಮ್ಮಿದ. ಶಾರದಾಂಬಾಗೆ ನಗು ಬರಲಿಲ್ಲ. ಬೆಳಿಗ್ಗೆ ಕಾಫಿ ಕೊಡುವಾಗಿನಿಂದ ಆಕೆ ಒಂದೇ ಒಂದು ಮಾತು ಹೇಳಲು ಒದ್ದಾಡುತ್ತಿದ್ದರು. ‘ಅಜ್ಜಂಪುರ’ ದಾಟಿ ಒಂದಕ್ಷರ ಮುಂದೆ ಹೋಗಲು ಗಂಡ ಬಿಟ್ಟಿರಲಿಲ್ಲ. ಶುಕ್ರವಾರಕ್ಕೆ ಉಳಿದಿದ್ದದ್ದು ಎರಡೇ ದಿನ.

ಶಾರದಾಂಬಾ: ಈಗ ಹೇಳಿಬಿಡ್ತೀನಿ. ಅಜ್ಜಂಪುರದಿಂದ ಫೋನ್ ಬಂದಿತ್ತು...

ದ್ವಾರಕಾನಾಥ: ಗೊತ್ತು, ನಿನ್ನ ತಂಗೀದು. ಶುಕ್ರವಾರ ಇಲ್ಲಿಗೆ ಬತ್ತಾಳೆ. ಮಾಳಿಗೆ ರೂಮು ಖಾಲಿ ಇಲ್ಲ ಅನ್ನು.

ಶಾರದಾಂಬಾ: ನನ್ನ ತಂಗಿ ಇರೋದು ತರೀಕೆರೆಯಲ್ಲಿ ಕಣ್ರೀ!

ದ್ವಾರಕಾನಾಥ: ಅದೇ ನಾನೂ ಕೇಳ್ತಿರೋದು. ತರೀಕೆರೆಯಲ್ಲಿ ಇರಬೇಕಾದವಳು ಅಜ್ಜಂಪುರಕ್ಕೆ ಯಾಕೆ ಹೋದ್ಲು? ಜಗಳ ಆಡ್ಕೊಂಡು ಗಂಡನ್ನ ಬಿಟ್ಟು ಬಂದ್ಬಿಟ್ಲಾ?

ಉಗ್ರಪ್ಪ: ಅಯ್ಯೋ, ಈ ವಯಸ್ಸಲ್ಲಾ ಸಾರ್?

ದ್ವಾರಕಾನಾಥ: ಪಾಪ, ಅವಳ ಗಂಡ ರುದ್ರಮೂರ್ತಿ ಗತಿ ಏನು? ಒಂದು ಲೋಟ ತೊಳೆದು ಗೊತ್ತಿಲ್ಲ ಅವನಿಗೆ.

ಶಾರದಾಂಬಾ: ಯಾರೂ ಯಾರನ್ನೂ ಬಿಟ್ಟಿಲ್ಲ...

ದ್ವಾರಕಾನಾಥ: ಮುಚ್ಚಿಡ್ಬೇಡ ಶಾರದಾ. ಉಗ್ರಪ್ಪ ಹೊರಗಿನವನೇನಲ್ಲ.

ಉಗ್ರಪ್ಪನಿಗೆ ರುದ್ರಮೂರ್ತಿಯೆಂದರೆ ಕಪ್ಪೋ ಬಿಳುಪೋ ಗೊತ್ತಿರಲಿಲ್ಲ. ಆದರೂ ಪಾಪ ಅನಿಸಿ ಲೊಚಗುಟ್ಟಿದ. ಮಾತು ಹೀಗೇ ಬೆಳೆದರೆ ಸಂಜೆಯಾದರೂ ವ್ಯಾಪಾರ ಕುದುರುವುದಿಲ್ಲವೆಂದು ಒಂದು ಉಪಾಯ ಹೇಳಿದ. ಅಮ್ಮಾವ್ರು ಒಂದು ಸೆಟ್ಟು ಹಿಡಿದು ಅಂಗಡಿಯಲ್ಲಿರಲಿ, ಸಾರ್ ಇನ್ನೊಂದು ಸೆಟ್ಟಿಗೆ ಆಂಟೆನಾ ಹಾಕಿಸಿಕೊಂಡು ಸಂತೆ ಮೈದಾನದ ತನಕ ನಡೆದು ಮಾತಾಡಲಿ. ಮೂರನ್ನೂ ಹಾಗೇ ಪರೀಕ್ಷೆ ಮಾಡೋಣ. ಶಾರದಾಂಬಾರ ಸೆಟ್ಟಿಗೆ ತನ್ನದೇ ಹಳೆಯ ಆಂಟೆನಾ ಸಿಕ್ಕಿಸಿಕೊಟ್ಟ. ದ್ವಾರಕಾನಾಥರು ಮೊಳದುದ್ದದ್ದನ್ನು ಹಾಕಿಸಿಕೊಂಡು, ಊರಿನ ಗಡಿ ಅಳೆಯಲು ಹೊರಟವರ ಗತ್ತಿನಲ್ಲಿ ಹೋದರು. ಸ್ವಲ್ಪ ಹೊತ್ತಿಗೆ ಸೆಟ್ಟು ಕರಕರ ಎಂದಿತು.

ದ್ವಾರಕಾನಾಥ (ಸೆಟ್ಟಿನಲ್ಲಿ): ಹಲೋ ಶಾರದಾ, ನಾನೀಗ ಮೈದಾನದ ಮೂಲೇಲಿದೀನಿ. ಇಲ್ಲೊಂದು ಹುಣಸೆಮರ ಇತ್ತು. ನಾನು ಸರ್ವೀಸಲ್ಲಿದ್ದಾಗ ಅದರ ಮೇಲೆ ಒಂದು ತಕರಾರು ಅರ್ಜಿ ಬಂದಿತ್ತು. ಅರ್ಜಿ ಕೊಟ್ಟವನು ಯಗಟಿಯೋನು...

ಯಗಟಿಯವನ ಅರ್ಜಿ ಮುಗಿದು ದೇವನೂರಿನವನ ಮೇಲ್ಮನವಿ ಶುರುವಾಯಿತು. ಅಲ್ಲಿಂದ ಮಾತು ತರೀಕೆರೆಗೆ ಹಾರಿ ರುದ್ರಮೂರ್ತಿಯ ಸಂಸಾರವನ್ನು ಹೊಕ್ಕಿತು. ಶಾರದಾಂಬಾ ನಡುವೆ ಮಾತಾಡಲು ತಮ್ಮ ಸೆಟ್ಟಿನ ಬಟನ್ ಒತ್ತಿದರು, ಮತ್ತೆ ಒತ್ತಿದರು. ಒಬ್ಬರು ಒತ್ತಿ ಹಿಡಿದಿರುವಾಗ ಇನ್ನೊಬ್ಬರ ಮಾತು ಅವರಿಗೆ ಮುಟ್ಟುವುದಿಲ್ಲ. ಇದ್ದಕ್ಕಿದ್ದಂತೆ ಆ ಕಡೆಯ ದನಿ ಕಡಿದುಹೋಯಿತು.

ಶಾರದಾಂಬಾ: ಏನಾಯ್ತು? ಬಿದ್ದುಗಿದ್ದು ಬಿಟ್ರಾ?

ಉಗ್ರಪ್ಪ: ಏನಿಲ್ಲಮ್ಮ. ಸೆಟ್ಟು ಕಾದು ಬಿಸಿ ಆಗಬಾರದು ಅಂತ ಒಳಗೊಂದು ಟೈಮರ್ ಇರುತ್ತೆ. ಮೂರು ನಿಮಿಷ ಒಬ್ರೇ ಮಾತಾಡಿದ್ರೆ ತಾನೇ ಬೀಪ್ ಅಂತ ನಿಲ್ಲಿಸಿಬಿಡುತ್ತೆ.

ಶಾರದಾಂಬಾ: ಮೂರು ನಿಮಿಷಾನಾ? ಕಮ್ಮಿ ಮಾಡೋಕಾಗುತ್ತಾ?

ಉಗ್ರಪ್ಪ: ಹದಿನೈದು ಸೆಕೆಂಡಿಗೂ ತರಬಹುದು. ಆದ್ರೆ ಅಷ್ಟರಲ್ಲಿ ಏನು ಮಾತಾಡೋಕಾಗುತ್ತಮ್ಮ?

ಸೆಟ್ಟಿನ ಜೊತೆ ಬಂದ ಪುಸ್ತಕವನ್ನು ಮನೆಯಲ್ಲಿ ಪೂರ್ತಿ ಓದಿದ್ದವರು ಆಕೆಯೊಬ್ಬರೇ. ಗಂಡ ತಿರುಗಿ ಬಂದು ಸೆಟ್ಟನ್ನು ಕೌಂಟರಿನ ಮೇಲಿಟ್ಟು ಬಾಗಿಲಲ್ಲಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವರ ಸೆಟ್ಟಿನ ಮೇಲೆ ಆಕೆಯ ಬೆರಳು ನಾಲ್ಕು ಸಲ ಆಡಿತ್ತು. ಉಗ್ರಪ್ಪ ನೋಡಿದ, ನೋಡಿಯೂ ಮೇಲಿನ ಫ್ಯಾನಿನ ಕಡೆ ಮುಖ ಮಾಡಿಕೊಂಡ. ಗೇಣುದ್ದದ ಆಂಟೆನಾ ಹಾಕಿಸಿಕೊಂಡು ದ್ವಾರಕಾನಾಥರು ಮತ್ತೆ ಹೊರಟರು.

ದ್ವಾರಕಾನಾಥ (ಸೆಟ್ಟಿನಲ್ಲಿ): ಹಲೋ, ಹಲೋ, ನಾನು ದ್ವಾರಕಾನಾಥ, ನಿವೃತ್ತ ಶಿರಸ್ತೇದಾರ್, ಸಂತೆ ಮೈದಾನದಿಂದ ಮಾತಾಡ್ತಿದೀನಿ. ಈಗ ಹೇಳೋದರಲ್ಲಿ ಮೂರು ಭಾಗ ಇದೆ, ಮೊದಲ್ನೇದಾಗಿ...

ಬೀಪ್.

ದ್ವಾರಕಾನಾಥ (ಸೆಟ್ಟಿನಲ್ಲಿ): ಮೊದಲ್ನೇದು ಬಿಡು. ಎರಡ್ನೇದು ರುದ್ರಮೂರ್ತಿ. ಅವನು ಒಳ್ಳೇ ಮನುಷ್ಯಾನೇ ಕಣೇ, ಆದ್ರೆ ಅವರಪ್ಪ ಪುಟ್ಟಯ್ಯ ಇದ್ನಲ್ಲ, ಅವನ ಸ್ವಭಾವ ಹೆಂಗಪ್ಪಾ ಅಂದ್ರೆ...

ಬೀಪ್.

ದ್ವಾರಕಾನಾಥ (ಸೆಟ್ಟಿನಲ್ಲಿ): ಇದೇನಿದು ಪೀಡೆ! ಮಾತು ಶುರು ಮಾಡೋದ್ರೊಳಗೆ...

ಈ ಸಲ ಅವರು ಓಡುವಂತೆ ಬಂದರು.

ದ್ವಾರಕಾನಾಥ: ಉಗ್ರಪ್ಪ, ನನಗೆಲ್ಲಾ ಅರ್ಥ ಆಗೋಯ್ತು. ಮೊಳದುದ್ದದ್ದು ಮೂರು ನಿಮಿಷ ಹೊತ್ತುಕೊಂಡು ಹೋಯ್ತು. ಗೇಣುದ್ದದ್ದು ಒಂದೆರಡು ವಾಕ್ಯಕ್ಕೇ ಸುಸ್ತು. ಆಂಟೆನಾ ಎಷ್ಟುದ್ದವೋ ಮಾತೂ ಅಷ್ಟೇ ಉದ್ದ!

ಉಗ್ರಪ್ಪ: ಹಂಗಲ್ಲ ಸಾರ್, ಅದು...

ದ್ವಾರಕಾನಾಥ: ನನಗೆ ಹೇಳಿಕೊಡ್ಬೇಡಪ್ಪಾ, ನಾನು ಪರೀಕ್ಷೆ ಪಾಸು ಮಾಡಿದವನು. ಇನ್ನು ಈ ಹೆಬ್ಬೆರಳಿನಷ್ಟಿರೋದು. ಇದರಲ್ಲಿ ಹೋದ್ರೆ ಎರಡು ಪದ ಹೋದೀತು. ಪಾಪ, ಇವಳು ಬಳಸೋದು, ಅದನ್ನೂ ನೋಡಿಬಿಡ್ತೀನಿ.

ಹೋದರು. ಎರಡೇ ಪದ ಹೊರುವ ಆಂಟೆನಾಕ್ಕೆ ಯಾವ ಎರಡು ಪದ ಹಾಕುವುದೆಂದು ಮೈದಾನದಲ್ಲಿ ಬಹಳ ಹೊತ್ತು ಆಲೋಚನೆ ನಡೆದಿತ್ತು. ಕೊನೆಗೆ ದನಿ ಬಂತು.

ದ್ವಾರಕಾನಾಥ (ಸೆಟ್ಟಿನಲ್ಲಿ): ಶಾರದಾ, ಹೇಳು. ಓವರ್.

ರೇಡಿಯೊ ಭಾಷೆಯಲ್ಲಿ ‘ಓವರ್’ ಎಂದರೆ ನನ್ನ ಮಾತು ಮುಗಿಯಿತು, ಇನ್ನು ನಿನ್ನ ಸರದಿ. ಮದುವೆಯಾದಾಗಿನಿಂದ ಗಂಡ ‘ಕೇಳು’ ಎಂದದ್ದಕ್ಕೆ ಲೆಕ್ಕವಿಲ್ಲ, ‘ಹೇಳು’ ಎಂದದ್ದು ಶಾರದಾಂಬಾಗೆ ನೆನಪಿರಲಿಲ್ಲ. ಎಲ್ಲಿ ಮತ್ತೆ ಶುರು ಮಾಡಿಬಿಡುತ್ತಾರೋ ಎಂಬ ಭಯದಲ್ಲಿ ಬಟನ್ ಗಟ್ಟಿಯಾಗಿ ಒತ್ತಿದರು.

ಶಾರದಾಂಬಾ: ಶುಕ್ರವಾರ ಅಜ್ಜಂಪುರದ ಒಂದು ಹೆಣ್ಮಕ್ಕಳ ಸ್ಕೂಲಲ್ಲಿ ರೇಡಿಯೊ ಬಗ್ಗೆ ಹೇಳಿಕೊಡೋಕೆ ನನ್ನನ್ನ ಕರ್ದಿದಾರೆ. ನಿಮ್ಮನ್ನಲ್ಲ, ನನ್ನನ್ನ. ನಾನು ಯಾವತ್ತೂ ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ. ಸ್ಕೂಲ್ ಮೈದಾನದ ಆ ಕಡೆ ಇನ್ನೊಂದು ಸೆಟ್ಟು ಹಿಡ್ಕೊಂಡು ನೀವು ನಿಂತಿದ್ರೆ ನನಗೆ ಧೈರ್ಯ ಕಣ್ರೀ. ಆದ್ರೆ ನಾನು ಕೇಳಿದಾಗ ಮಾತ್ರ ಮಾತಾಡ್ಬೇಕು. ಓವರ್.

ಉಗ್ರಪ್ಪ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಡುವುದನ್ನೂ ಮರೆತ.

ದ್ವಾರಕಾನಾಥ (ಸೆಟ್ಟಿನಲ್ಲಿ): ನಿನ್ನ ತಂಗಿ ಗಂಡನ್ನ ಬಿಟ್ಟಿಲ್ವಾ? ಓವರ್.

ಶಾರದಾಂಬಾ: ಇಲ್ಲ. ಓವರ್.

ದ್ವಾರಕಾನಾಥ (ಸೆಟ್ಟಿನಲ್ಲಿ): ಬತ್ತೀನಿ, ನಿಂತ್ಕೋತೀನಿ. ಓವರ್.

ಐದು ನಿಮಿಷಕ್ಕೆ ಅವರು ಅಂಗಡಿಗೆ ಬಂದರು. ಸೆಟ್ಟನ್ನು ಆಂಟೆನಾ ಹಿಡಿದು ಎತ್ತದೆ, ಎರಡೂ ಕೈಯಲ್ಲಿ ಹುಷಾರಾಗಿ ಹಿಡಿದುಕೊಂಡಿದ್ದರು.

ಉಗ್ರಪ್ಪ: ಹಂಗಾದ್ರೆ ಸಾರ್, ಉದ್ದದ್ದು ನಿಮಗೆ...

ದ್ವಾರಕಾನಾಥ: ಆ ಮೊಳದುದ್ದದ್ದನ್ನ ಒಳಗಿಡಯ್ಯಾ. ಅದು ಮೂರು ನಿಮಿಷ ನನ್ನ ಮಾತನ್ನೇ ಸಾಗಿಸ್ತೇ ಹೊರತು ಇವಳದು ಒಂದಕ್ಷರ ತರಲಿಲ್ಲ. ಮೂವತ್ತಾರು ವರ್ಷದಲ್ಲಿ ಇವಳ ಮಾತು ಕೊನೇವರೆಗೂ ನನಗೆ ಕೇಳಿಸಿದ್ದು ಈ ಗಿಡ್ಡದ್ರಲ್ಲೇ. ಇಂಥದೇ ಎರಡು ಕೊಡು.

ಉಗ್ರಪ್ಪ ಪ್ರಾಮಾಣಿಕ ವ್ಯಾಪಾರಿ. ಸುಳ್ಳು ಹೇಳಿ ಮಾರಿದ ಪಾಪ ತನಗೇಕೆಂದು ಬಾಯಿ ತೆರೆದ.

ಉಗ್ರಪ್ಪ: ಸಾರ್, ನಿಜ ಹೇಳ್ಬೇಕು ಅಂದ್ರೆ ಅದು ಆಂಟೆನಾದಿಂದ ಆಗಿದ್ದಲ್ಲ, ನಿಮ್ಮ ಸೆಟ್ಟಲ್ಲಿ ಅಮ್ಮಾವ್ರು...

ಶಾರದಾಂಬಾ: ಉಗ್ರಪ್ಪನೋರೆ, ಮಾತು ಸಾಕು. ಕಟ್ಟಿಕೊಡಿ.