ರಾಕ್ಷಸ ಹಲ್ಲಿಯ ಕಾಲಿನ ಲೆಕ್ಕ

ಸಿನಿಮಾದಲ್ಲಿ ದೈತ್ಯ ಪ್ರಾಣಿ ಕಂಡರೆ ಸಾಕು, ಅದರ ತೂಕ ಎಷ್ಟು, ಅದರ ಕಾಲು ಅಷ್ಟನ್ನು ತಡೆಯುತ್ತದೆಯೇ ಎಂದು ಲೆಕ್ಕ ಹಾಕದೆ ನನಗೆ ಇರಲಾಗುವುದಿಲ್ಲ. ಕೊಡಿಗೇಹಳ್ಳಿಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ನಾನು. ಲೆಕ್ಕ ಯಾವಾಗಲೂ ಸರಿಯಾಗಿಯೇ ಬರುತ್ತದೆ. ಮಾನ ಮಾತ್ರ ಪ್ರತಿ ಸಲವೂ ಹೋಗುತ್ತದೆ. ಅದನ್ನು ಹತ್ತಿರದಿಂದ ನೋಡುವ ಕರ್ಮ ನನ್ನ ಮಗಳದು. ಅವಳು ಓದುವುದೂ ಅದೇ ಕಾಲೇಜಿನಲ್ಲಿ.

ಬಸ್ಸು ಹಿಡಿದ ಕೋತಿ

ಹೆಬ್ಬಾಳದ ಹತ್ತಿರದ ಮಾಲ್ ಒಂದಕ್ಕೆ ಮಗಳ ಜೊತೆ ಸಿನಿಮಾಕ್ಕೆ ಹೋಗಿದ್ದೆ. ಕಟ್ಟಡದಷ್ಟು ಎತ್ತರದ ಕೋತಿಯೊಂದು, ಮಕ್ಕಳು ತುಂಬಿದ ಬಸ್ಸು ನದಿಗೆ ಬೀಳದಂತೆ ಒಂದೇ ಕೈಯಲ್ಲಿ ಹಿಡಿದು ನಿಂತಿತ್ತು. ಥಿಯೇಟರ್ ಪೂರ್ತಿ ನಿಶ್ಶಬ್ದ. ಪಕ್ಕದ ಸೀಟಿನ ಹೆಂಗಸು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಬಸ್ ಹಿಡಿಯೋದು ದೊಡ್ಡದಲ್ಲ ಕಣೆ," ಎಂದೆ ಮಗಳಿಗೆ. "ಎತ್ತರ ಹತ್ತು ಪಟ್ಟಾದ್ರೆ ತೂಕ ಸಾವಿರ ಪಟ್ಟಾಗುತ್ತೆ. ಮೂಳೆ ಗಟ್ಟಿ ಆಗೋದು ನೂರೇ ಪಟ್ಟು. ಇದು ಎದ್ದು ನಿಂತಾಗ್ಲೇ ಮೊಣಕಾಲು ಪುಡಿ ಆಗ್ಬೇಕಿತ್ತು."

ಪಿಸುಗುಟ್ಟಿದೆ ಅಂದುಕೊಂಡಿದ್ದೆ. ಆದರೆ ವರ್ಷಗಟ್ಟಲೆ ಕೊನೇ ಬೆಂಚಿಗೆ ಕೇಳಿಸುವಂತೆ ಪಾಠ ಮಾಡಿದ ಗಂಟಲು ಇದು. ಮುಂದಿನ ಸಾಲಿನವರೆಲ್ಲ ತಿರುಗಿದರು. ಪಕ್ಕದ ಹೆಂಗಸು ನನ್ನ ಮಗಳ ಕಡೆ ಬಾಗಿ, "ಇವ್ರು ನಿಮ್ ಜೊತೆ ಬಂದಿರೋರೇನಮ್ಮಾ?" ಎಂದರು.

"ಇಲ್ಲ ಆಂಟಿ," ಎಂದಳು ಮಗಳು, ನನ್ನ ಕೈಯಲ್ಲಿದ್ದ ಪಾಪ್‌ಕಾರ್ನ್ ತೆಗೆದುಕೊಳ್ಳುತ್ತಾ.

ಕಾಲುನೋವು

ಗಂಗಾನಗರದಲ್ಲಿ ನಮ್ಮ ಮೇಲಿನ ಮನೆಯ ಪುಟ್ಟ ಹುಡುಗಿ ಟಿವಿಯಲ್ಲಿ ರಾಕ್ಷಸ ಹಲ್ಲಿಯನ್ನು ನೋಡಿ ಹೆದರಿ ಊಟ ಬಿಟ್ಟಿದ್ದಳು. "ನೀವಾದ್ರೂ ಸ್ವಲ್ಪ ಧೈರ್ಯ ಹೇಳಿ ಸಾರ್," ಎಂದು ಅವಳ ತಾಯಿ ಕರೆದರು. ಅಷ್ಟು ದೊಡ್ಡ ಪ್ರಾಣಿ ನಮ್ಮ ರಸ್ತೆಗೆ ಬರಲು ಸಾಧ್ಯವೇ ಇಲ್ಲ, ಎರಡು ಹೆಜ್ಜೆ ಇಡುವಷ್ಟರಲ್ಲಿ ತನ್ನ ತೂಕಕ್ಕೇ ಅದರ ಕಾಲು ಮುರಿದುಹೋಗುತ್ತದೆ ಎಂದು ಹುಡುಗಿಗೆ ಬಿಡಿಸಿ ಹೇಳಿದೆ. ಭಯ ಅಲ್ಲೇ ಹೋಯಿತು. ಅಳು ಶುರುವಾಯಿತು.

ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ತಾಯಿ ಮಗಳು ನಿಂತಿದ್ದರು. "ನಿನ್ನೆ ಭಯಕ್ಕೆ ಊಟ ಬಿಟ್ಟಿದ್ಳು, ಇವತ್ತು ಅಯ್ಯೋ ಪಾಪ ಅಂತ ಬಿಟ್ಟಿದಾಳೆ," ಎಂದರು ತಾಯಿ, ನನ್ನ ಮುಖ ನೋಡದೆ. ಹುಡುಗಿ ನೋವಿನ ಮುಲಾಮಿನ ಟ್ಯೂಬ್ ಚಾಚಿದಳು.

"ಅಂಕಲ್, ಅದಕ್ಕೆ ಕೊಡಿ. ಎಲ್ಲಾ ಕಾಲಿಗೂ ಹಚ್ಕೋಬೇಕು ಅಂತ ಹೇಳಿ."

ಬೀಳಲೇಬೇಕಿತ್ತು

ಆಮೇಲೆ ಬಂತು ಕಾಲೇಜಿನ ವಿಜ್ಞಾನ ಪ್ರದರ್ಶನ. ಮಗಳು ಮೊದಲೇ ಎಚ್ಚರಿಸಿದ್ದಳು: "ಅಪ್ಪ, ಅವತ್ತೊಂದಿನ ನನ್ ಫ್ರೆಂಡ್ಸ್ ಮುಂದೆ ಮಾನ ಕಳೀಬೇಡ. ಕಾಲೇಜಲ್ಲಿ ನೀನು ನಂಗೆ ಬರೀ ಸರ್, ಅಷ್ಟೇ." ನನಗೆ ಅದು ಚುಚ್ಚಿತು. ಈ ಸಲವಾದರೂ ಅವಳು ತಲೆಯೆತ್ತಿ 'ನಮ್ಮಪ್ಪ' ಎನ್ನುವಂತೆ ಮಾಡಬೇಕು ಅನ್ನಿಸಿತು.

ಬಿದಿರು ಕಡ್ಡಿ, ಜೇಡಿಮಣ್ಣಿನಲ್ಲಿ ಎರಡು ಕಾಲ ಮೇಲೆ ನಿಂತ ಪುಟ್ಟ ಹಲ್ಲಿಯೊಂದನ್ನು ಮಾಡಿಸಿದೆ. ಅದೇ ಆಕಾರದಲ್ಲಿ, ಎಲ್ಲ ಅಳತೆಯೂ ಐದು ಪಟ್ಟು ಇರುವ ಇನ್ನೊಂದು ದೊಡ್ಡ ಹಲ್ಲಿ. ಚಿಕ್ಕದು ತಾನಾಗಿ ನಿಲ್ಲುತ್ತದೆ. ದೊಡ್ಡದನ್ನು ಒಂದು ಕೋಲಿನ ಆಸರೆಯಲ್ಲಿ ನಿಲ್ಲಿಸಿದ್ದೆ. ಕೋಲು ತೆಗೆದರೆ ಅದು ಕುಸಿಯಬೇಕು. ಪ್ರಯೋಗವೇ ಅದು.

ಮುಖ್ಯ ಅತಿಥಿಗಳು ಕಾಲೇಜಿನ ಜಾಗದ ಹಳೇ ಮಾಲೀಕರು. ಹಿಂದೆ ಇಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ತಣಿಸಂದ್ರದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರೆ. ಅವರು ಬಂದು ನಿಂತರು. ಹಿಂದೆ ಮಗಳು, ಅವಳ ಗೆಳತಿಯರು. ನಾನು ಗಂಟಲು ಸರಿಮಾಡಿಕೊಂಡು, "ಈಗ ಈ ರಾಕ್ಷಸ ತನ್ನ ತೂಕಕ್ಕೆ ತಾನೇ ಬೀಳುತ್ತೆ, ನೋಡಿ," ಎಂದು ಕೋಲು ಎಳೆದೆ.

ಹಲ್ಲಿ ನಿಂತೇ ಇತ್ತು.

"ಸ್ವಲ್ಪ ಹೊತ್ತಾಗುತ್ತೆ," ಎಂದೆ. ಎಲ್ಲರೂ ಕಾದರು. ಬೆರಳಲ್ಲಿ ತಳ್ಳಿದೆ. ಭುಜ ಕೊಟ್ಟು ತಳ್ಳಿದೆ. ಕೊನೆಗೆ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಅದರ ಕಾಲು ತಬ್ಬಿ ಅಲ್ಲಾಡಿಸಿದೆ. ಆ ರಭಸಕ್ಕೆ ಪಕ್ಕದ ಮೇಜಿನಿಂದ ಪುಟ್ಟ ಹಲ್ಲಿ ಉರುಳಿ ಬಿದ್ದು ಚೂರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅತಿಥಿಗಳು ಬಾಗಿ, ಸಮಾಧಾನದ ದನಿಯಲ್ಲಿ ಹೇಳಿದರು: "ಬುಡಿ ಮೇಷ್ಟ್ರೇ, ಅದು ಬೀಳಾಕಿಲ್ಲ. ನಿನ್ನೆ ಸಂಜೆ ಬಂದು ನೋಡ್ದೆ, ಕಾಲು ಕಡ್ಡಿ ಇದ್ದಂಗಿದ್ವು. ನಾನು ಬಂದ್ ನಿಂತಾಗ್ಲೇ ಬಿದ್ರೆ ಅಪಶಕುನ ಆಯ್ತದಲ್ಲಾ ಅಂತ, ನಮ್ಮ ಸೈಟಿಂದ ಕಂಬಿ ತರ್ಸಿ ಒಳಗಾಕ್ಸಿವ್ನಿ. ನೀವು ನಿಶ್ಚಿಂತೆಯಾಗಿರಿ."

ಅಂಗಿಯೆಲ್ಲ ಜೇಡಿಮಣ್ಣು. ಏಳಬೇಕೆಂಬುದೂ ತೋಚದೆ ಹಲ್ಲಿಯ ಕಾಲು ತಬ್ಬಿಕೊಂಡೇ ಕೂತಿದ್ದೆ. ಆಗ ಗುಂಪನ್ನು ಸರಿಸಿಕೊಂಡು ಮಗಳು ಬಂದಳು. ಕಾಲೇಜಿನ ಗೇಟು ದಾಟಿದ ಮೇಲೆ ಎಂದೂ 'ಸರ್' ಬಿಟ್ಟು ಬೇರೇನೂ ಕರೆಯದವಳು. ಗಂಟಲು ಮಾತ್ರ ನನ್ನದೇ. ಕೊನೇ ಸಾಲಿನವರೆಗೂ ಕೇಳಿಸಿತು.

"ಅಪ್ಪಾ, ಸಾಕು! ಅದ್ರ ಕಾಲ್ ಬಿಡು!"